ಅಮ್ಮನ ಬಾಟಲಿ ಸಾರು

ನಮ್ಮಮ್ಮ ತಂಗಳು ಮುಟ್ಟುವವಳಲ್ಲ. ಬೆಳಿಗ್ಗೆ ಮಾಡಿದ ಅಡುಗೆ ರಾತ್ರಿಗೆ ನಡೆಯುತ್ತದೆ, ರಾತ್ರಿಯದು ಬೆಳಿಗ್ಗೆಗೆ ನಡೆಯುವುದಿಲ್ಲ. ಮನೆಗೆ ಫ್ರಿಜ್ಜು ಬಂದ ಮೇಲೂ ಈ ಕಾನೂನು ಬದಲಾಗಲಿಲ್ಲ. ತುಮಕೂರಿನ ಮನೆಯ ಫ್ರಿಜ್ಜಿನಲ್ಲಿ ಹಾಲು, ಮೊಸರು, ತರಕಾರಿ, ದೇವರ ಹೂವು, ಇಷ್ಟಕ್ಕೇ ಜಾಗ. ಉಳಿದ ಸಾರು ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಯಾರದಾದರೂ ಮನೆಗೆ ಹೋಗಿಬಿಡಬೇಕು.

ಅಪ್ಪ ಹೋದ ಮೇಲೆ ಅವಳು ಪ್ರತಿ ಚಳಿಗಾಲ ಬಹ್ರೇನಿಗೆ ನನ್ನ ಬಳಿ ಬರತೊಡಗಿದಳು. ವಿಸಿಟ್ ವೀಸಾದಲ್ಲಿ ಬಂದು, ಸೆಕೆ ಏಳುವ ಮೊದಲು ಅಣ್ಣನ ಮನೆಗೆ ವಾಪಸ್ಸು. ಮೊದಲ ಸಲ ಬಂದವಳು ಜುಫೈರ್‌ನ ನಮ್ಮ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಬಾಗಿಲು ತೆಗೆದು ನಿಂತದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಒಳಗೆ ಶುಕ್ರವಾರ ಮಾಡಿದ ಹುಳಿ ಡಬ್ಬಿಗಳಲ್ಲಿ ಬುಧವಾರದ ದಾರಿ ಕಾಯುತ್ತಿತ್ತು.

"ಇದೇನು ಮನೆಯೋ ಮ್ಯೂಸಿಯಮ್ಮೋ?" ಎಂದಳು.

ನನ್ನದು ಮನಾಮದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ, ನನ್ನ ಗಂಡನದು ಹಿದ್ ಬಂದರಿನಲ್ಲಿ ಶಿಫ್ಟು. ದಿನಾ ಸಾರು ಮಾಡು ಎಂದರೆ ಯಾರು ಮಾಡುತ್ತಾರೆ? ಹಾಗೆಂದು ಹೇಳಿಯೂ ಹೇಳಿದೆ, ಸ್ವಲ್ಪ ಗಡುಸಾಗಿಯೇ. ಅವಳು ಮೂಗು ಮುರಿದು ಡಬ್ಬಿಗಳನ್ನೆಲ್ಲ ಖಾಲಿ ಮಾಡಿ ಒಲೆಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಅಂದಿನಿಂದ ಅವಳು ಇರುವಷ್ಟು ದಿನ ನನಗೆ ಸೌಟು ಹಿಡಿಯುವ ಅಧಿಕಾರವೇ ಇರಲಿಲ್ಲ. ನಲ್ಲಿ ನೀರಿನಲ್ಲಿ ಬೇಳೆ ಕರಗುವುದಿಲ್ಲವೆಂದು ಕುಡಿಯುವ ನೀರಿನ ಕ್ಯಾನನ್ನೇ ಕುಕ್ಕರಿಗೆ ಬಗ್ಗಿಸುವಳು. ಪಕ್ಕದ ಹೂರಾ ಬಡಾವಣೆಯ ಅಂಗಡಿಯಲ್ಲಿ ಕರಿಬೇವಿನ ಕಟ್ಟನ್ನು ಮೂಸಿ, ಒಪ್ಪಿಗೆಯಾದರೆ ಮಾತ್ರ ಬುಟ್ಟಿಗೆ ಹಾಕುವಳು. ಸಂಜೆ ಉಳಿದ ಸಾರು ಕೆಳಗಿನ ನಾತೂರನಿಗೆ. ನಮ್ಮ ಕಟ್ಟಡ ಕಾಯುವ ಆ ಮನುಷ್ಯ ಚಳಿಗಾಲವಿಡೀ ತುಮಕೂರಿನ ಸಾರುಂಡು ಸ್ವಲ್ಪ ದಪ್ಪಗಾದ ಎಂದೇ ನನ್ನ ಗುಮಾನಿ.

ಆದರೆ ಹೊರಡುವ ದಿನ ಹತ್ತಿರ ಬಂತೆಂದರೆ ಅವಳ ಮುಖ ಬಾಡುತ್ತಿತ್ತು. "ನಾನು ಹೋದ್ಮೇಲೆ ಏನು ತಿಂತೀಯ?" ಎಂದು ಒಂದೇ ಸಮನೆ ತಲೆ ತಿನ್ನುವಳು.

ಎದುರಿನ ಫ್ಲ್ಯಾಟಿನಲ್ಲಿ ಅಮೆರಿಕದ ನೌಕಾನೆಲೆಯ ಒಬ್ಬ ಅಧಿಕಾರಿಯ ಹೆಂಡತಿ ಇದ್ದಳು. ನನಗೆ ಲಿಫ್ಟಿನಲ್ಲಿ ನಕ್ಕಷ್ಟೇ ಪರಿಚಯ. ಒಂದು ವರ್ಷ ಸಂಕ್ರಾಂತಿಗೆ ಅಮ್ಮ ಎಳ್ಳು ಬೀರಲೇಬೇಕೆಂದು ಹಟ ಹಿಡಿದಳು. ಈ ಊರಲ್ಲಿ ಯಾರಿಗೆ ಬೀರುತ್ತೀ ಎಂದರೆ, "ಎದುರು ಮನೆ ದೊರೆಸಾನಿಗೆ" ಎಂದು ತಟ್ಟೆ ಹಿಡಿದು ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ.

ದೊರೆಸಾನಿ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ನಮ್ಮನ್ನು ಸೀದಾ ಅಡುಗೆಮನೆಗೆ ಕರೆದಳು. ಒಲೆಯ ಮೇಲೆ ನಾನು ಕಂಡು ಕೇಳರಿಯದಷ್ಟು ದೊಡ್ಡ ಕುಕ್ಕರು. ಗೋಡೆಯುದ್ದಕ್ಕೂ ಶೆಲ್ಫಿನಲ್ಲಿ ಗಾಜಿನ ಬಾಟಲಿಗಳು, ಒಳಗೆ ಕೆಂಪು, ಹಳದಿ, ಕಂದು ಬಣ್ಣದ ಸೂಪುಗಳು. ಅವಳು ಬೆಳೆದದ್ದು ಹೊಲದ ಮನೆಯಲ್ಲಂತೆ. ಅವರ ಕಡೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಏನೂ ಬೆಳೆಯದಾಗ ಮನೆಯವರೆಲ್ಲ ಉಣ್ಣುವುದು ಇದನ್ನೇ ಅಂತೆ. ನಾನು ಇದನ್ನೆಲ್ಲ ಕನ್ನಡಕ್ಕಿಳಿಸುತ್ತಿದ್ದರೆ ಅಮ್ಮ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಯಾವತ್ತು ಮಾಡಿದ್ದಂತೆ ಕೇಳು."

"ಹೋದ ವರ್ಷ ಅಂತೆ ಅಮ್ಮ."

ಅಮ್ಮ ಬಾಟಲಿಯನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು. ಮನೆಗೆ ಬಂದು ಕೈ ತೊಳೆದುಕೊಂಡದ್ದನ್ನೂ ನೋಡಿದೆ. ಆದರೆ ಮರುದಿನ ಸಂಜೆ ನಾನು ಆಫೀಸಿನಿಂದ ಬಂದರೆ ಅವಳು ಮನೆಯಲ್ಲಿಲ್ಲ. ಎದುರು ಮನೆಯ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕ್ಯಾರೆಟ್ ಹೆರೆಯುತ್ತ ಕೂತಿದ್ದಾಳೆ. ಇವಳಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಮಾತು ಮಾತ್ರ ಧಾರಾಳವಾಗಿ ನಡೆದಿತ್ತು. ನಾನು ಕರೆಯುವುದನ್ನು ಕೇಳಿಸಿಕೊಂಡು ದೊರೆಸಾನಿಯೂ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದಳು.

ಅಮ್ಮ ಊರಿಗೆ ಹೋದ ಮೇಲೆ ನನಗಿರಲೆಂದು ಅವಳ ಸಾರನ್ನೂ ಬಾಟಲಿಗೆ ತುಂಬಿಸಲು ಮುಂದಿನ ಶುಕ್ರವಾರ ಆ ಕುಕ್ಕರು ನಮ್ಮ ಒಲೆಗೆ ಬಂತು, ಜೊತೆಗೆ ದೊರೆಸಾನಿಯೂ ಬಂದಳು. ಅವಳ ಕಟ್ಟಳೆ ಅಮ್ಮನದಕ್ಕಿಂತ ಬಿಗಿ. ಸಾರು ತಿಳಿಯಾಗಿರಬೇಕು, ಗಟ್ಟಿ ಬೇಳೆ ಕೂಡದು. ಬಿಸಿ ಬಾಟಲಿಗೆ ಬಿಸಿ ಸಾರು, ಕಂಠದ ಹತ್ತಿರ ಸ್ವಲ್ಪ ಖಾಲಿ ಬಿಡಬೇಕು. ಮುಚ್ಚಳ ಇಡುವ ಮೊದಲು ಬಾಟಲಿಯ ಬಾಯನ್ನು ಒಗೆದ ಬಟ್ಟೆಯಿಂದ ಒರೆಸಬೇಕು. ಇದನ್ನು ನೋಡಿ ಅಮ್ಮನಿಗೆ ಬಲು ಸಂತೋಷವಾಯಿತು.

"ಮಡಿ ಗೊತ್ತು ಕಣೇ ಇವಳಿಗೆ. ನಿಂಗಿಂತ ವಾಸಿ."

ತೊಗರಿ ಬೇಳೆಯ ಕಟ್ಟು, ಟೊಮ್ಯಾಟೊ, ಹುಣಸೆ ರಸ, ಚೂರು ಬೆಲ್ಲ, ಊರಿಂದ ತಂದ ಸಾರಿನ ಪುಡಿ. ಎಲ್ಲ ಕುದಿದು ಮನೆ ಘಮ್ಮೆಂದಾಗ ಅಮ್ಮ ಅಭ್ಯಾಸದಂತೆ ತುಪ್ಪದ ಸೌಟು ಕಾಯಿಸಿದಳು. ಸಾಸಿವೆ ಹಾಕಬೇಕು, ಅಷ್ಟರಲ್ಲಿ ದೊರೆಸಾನಿ ಪಾತ್ರೆಗೆ ಅಡ್ಡ ಕೈ ಹಿಡಿದಳು. ಜಿಡ್ಡಿದ್ದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಕೆಡುತ್ತದೆ ಎಂದಳು. ನಾನು ಅದನ್ನು ಅಮ್ಮನಿಗೆ ಹೇಳಿದೆ. ಒಗ್ಗರಣೆ ಇಲ್ಲದ ಸಾರೆಂದರೆ ಅಮ್ಮನಿಗೆ ಕಾಯಿಲೆಯವರ ಪಥ್ಯ. ಮುಖ ಸಿಂಡರಿಸಿ ಒಲೆ ಆರಿಸಿದಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವಳು ಸೌಟು ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ತೀರ್ಪು ಬಂತು.

"ಒಗ್ಗರಣೆ ಬೀಳೋವರೆಗೂ ಅದು ಸಾರೇ ಅಲ್ಲ ಕಣೇ. ನೀನು ಯಾವತ್ತು ಬಾಟ್ಲಿ ತೆಗೆದು ಒಗ್ಗರಣೆ ಹಾಕ್ತೀಯೋ ಅವತ್ತಿಂದ ಲೆಕ್ಕ. ಅವತ್ತೇ ಮಾಡಿದ ಸಾರು ಅದು. ತಂಗಳು ಹೆಂಗಾಗತ್ತೆ?"

ಯಾವ ವಕೀಲನಿಗೂ ಹೊಳೆಯದ ದಾರಿ.

ಬಾಟಲಿಗಳು ಕುಕ್ಕರಿನೊಳಗೆ ಕೂತವು. ಅಮ್ಮ ಎದುರಿಗೆ ಕುರ್ಚಿ ಹಾಕಿ ಕೂಗು ಎಣಿಸಲು ಕೂತಳು. ಅದು ಕೂಗುವ ಕುಕ್ಕರಲ್ಲ, ಮೇಲಿನ ಮುಳ್ಳು ನೋಡಿ ಉರಿ ಹೊಂದಿಸಬೇಕು ಎಂದರೂ ಕೇಳಲಿಲ್ಲ. "ಕೂಗದೆ ಇದ್ರೆ ಬೆಂದಿದೆ ಅಂತ ಹೆಂಗೆ ಗೊತ್ತಾಗತ್ತೆ?" ಎಂದು ಊಟಕ್ಕೂ ಏಳದೆ ಕಾದಳು. ಎಲ್ಲ ಮುಗಿದು, ಬಾಟಲಿಗಳನ್ನು ಟವೆಲ್ಲಿನ ಮೇಲೆ ಆರಲು ಇಟ್ಟಿದ್ದಾಗ ಒಂದು ಮುಚ್ಚಳ ಟಕ್ ಎಂದು ಒಳಗೆ ಜಗ್ಗಿತು. ಮುಚ್ಚಳ ಬಿಗಿಯಾಗಿ ಕೂತದ್ದಕ್ಕೆ ಅದೇ ಗುರುತು ಎಂದಳು ದೊರೆಸಾನಿ. ಹಿಂದೆಯೇ ಇನ್ನೊಂದು, ಮತ್ತೊಂದು. ಅಮ್ಮನ ಮುಖ ಅರಳಿತು.

"ಈಗ ಕೂಗಿತು ನೋಡು," ಎಂದಳು.

ಆ ವರ್ಷ ಅಮ್ಮ ಹೊರಟಾಗ ಸ್ಟೋರಿನ ಶೆಲ್ಫಿನಲ್ಲಿ ಅವಳ ಸಾರು ಸಾಲಾಗಿ ನಿಂತಿತ್ತು. ಬೇಸಿಗೆಯ ಸಂಜೆ, ಟ್ರಾಫಿಕ್ಕಿನಲ್ಲಿ ಬೆಂದು ಬಂದು, ಚಪ್ಪಲಿ ಬಿಟ್ಟು, ಒಂದು ಬಾಟಲಿ ತೆಗೆದು ಕುದಿಯಲು ಇಡುವುದು. ತುಪ್ಪ, ಸಾಸಿವೆ, ಇಂಗು, ಕರಿಬೇವು. ಚೊಯ್ ಎಂದ ಕೂಡಲೇ ಅಮ್ಮ ಒಳಗೇ ಎಲ್ಲೋ ಇದ್ದಾಳೆ ಅನ್ನಿಸುತ್ತಿತ್ತು. ಶಿಫ್ಟು ಮುಗಿಸಿ ಬರುವ ನನ್ನ ಗಂಡನಿಗೆ ಲಿಫ್ಟಿನಲ್ಲೇ ಗೊತ್ತಾಗುತ್ತಿತ್ತು, ಇವತ್ತು ಅತ್ತೆಯ ಸಾರು ಎಂದು. ಹೀಗೆ ಇನ್ನೆರಡು ಚಳಿಗಾಲ ಕಳೆದವು. ಅವಳು ಮಾಡಿಟ್ಟ ಕೊನೆಯ ಬಾಟಲಿಯನ್ನು ಅದೇ ಕೊನೆಯದೆಂಬ ಯೋಚನೆಯೂ ಇಲ್ಲದೆ ಯಾವುದೋ ಮಂಗಳವಾರ ಉಂಡು ಮುಗಿಸಿದೆವು.

ಆಮೇಲೆ ಅಮ್ಮನ ಹೃದಯ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದಳು, ಆದರೆ ಇನ್ನು ವಿಮಾನ ಹತ್ತಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಎದುರು ಮನೆಯವರಿಗೂ ವರ್ಗವಾಯಿತು. ಹೊರಡುವಾಗ ದೊರೆಸಾನಿ ಆ ಕುಕ್ಕರನ್ನು ನನ್ನ ಬಾಗಿಲಿಗೆ ತಂದಿಟ್ಟು, ಇದು ಅಮ್ಮನಿಗೆ ಎಂದಳು. ಅಮ್ಮ ಇನ್ನು ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಚಳಿಗಾಲ ಮನೆ ಬಿಕೋ ಎನ್ನುತ್ತಿತ್ತು. ಆಗ ನನಗೆ ಹೊಳೆದದ್ದು ಇದು: ಅಮ್ಮ ನನ್ನ ಕೈಯ ಸಾರನ್ನು ಒಂದು ದಿನವೂ ಉಂಡಿಲ್ಲ. ಮದುವೆಗೆ ಮೊದಲು ನಾನು ಅಡುಗೆಮನೆಗೆ ಹೋದವಳಲ್ಲ, ಆಮೇಲೆ ಅವಳು ಬಿಟ್ಟವಳಲ್ಲ. ಅವಳು ಇಲ್ಲಿಗೆ ಬರಲಾಗದಿದ್ದರೆ ಈ ಮನೆಯ ಸಾರಾದರೂ ಅಲ್ಲಿಗೆ ಹೋಗಬೇಕು, ಅವಳು ಅದನ್ನು ಉಣ್ಣಬೇಕು ಎಂದು ಹಟ ಹುಟ್ಟಿತು. ಉಣ್ಣುತ್ತಾಳೋ ಇಲ್ಲವೋ ಎಂಬ ಭಯವೂ ಇತ್ತು. ತನ್ನ ಕೈಯಡುಗೆಗೆ ಹುಡುಕಿದ ದಾರಿಯನ್ನು ಬೇರೆಯವರ ಅಡುಗೆಗೂ ಬಿಟ್ಟುಕೊಡುತ್ತಾಳೆಂದು ಯಾವ ಗ್ಯಾರಂಟಿ?

ಕುಡಿಯುವ ನೀರಿನಲ್ಲೇ ಬೇಳೆ ಬೇಯಿಸಿದೆ. ಒಗೆದ ಬಟ್ಟೆಯಿಂದ ಬಾಟಲಿಯ ಬಾಯಿ ಒರೆಸಿದೆ. ಟಕ್ ಎಂದಾಗ ಕಣ್ಣು ತುಂಬಿ ಬಂತು. ರಜೆ ಸಿಕ್ಕ ಕೂಡಲೇ ಎರಡು ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿಕೊಂಡು ಹೊರಟೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದ ಅಧಿಕಾರಿ ಬಾಟಲಿ ಅಲ್ಲಾಡಿಸಿ ನೋಡಿದ.

"ಏನ್ ಮೇಡಂ ಇದು?"

"ಸಾರು. ತುಮಕೂರಿಗೆ."

"ಗಲ್ಫಿಂದ ಎಲ್ಲಾರೂ ಚಿನ್ನ ತರ್ತಾರೆ," ಎಂದು ನಕ್ಕು ಬಿಟ್ಟುಬಿಟ್ಟ.

ಅಮ್ಮ ಅರ್ಧಕ್ಕರ್ಧ ಇಳಿದಿದ್ದಳು. ಅಡುಗೆಯೆಲ್ಲ ಈಗ ಅತ್ತಿಗೆಯದು, ಅಮ್ಮ ನಡುಮನೆಯ ಕುರ್ಚಿಯಲ್ಲಿ ಕೂತಿರುತ್ತಾಳೆ. ಬಾಟಲಿಗಳನ್ನು ನೋಡಿ ಏನೂ ಹೇಳಲಿಲ್ಲ. ನನಗೂ ಬಾಯಿ ಬಿಟ್ಟು ಕೇಳುವ ಧೈರ್ಯ ಬರಲಿಲ್ಲ. ನಾಳೆ ಹೊರಡಬೇಕೆಂಬ ದಿನ ಸಂಜೆ ಅವಳೇ ಕುರ್ಚಿಯಿಂದೆದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ತೆಗಿ ನಿನ್ನ ಬಾಟ್ಲಿ."

ಸಾರು ಕುದಿಯಿತು. ಅಮ್ಮ ಸೌಟು ಕೇಳಿ ಇಸಿದುಕೊಂಡಳು. ಸೌಟು ಒಂದು ಕಡೆ ವಾಲಿತು. ನಾನು ಅವಳ ಮಣಿಕಟ್ಟು ಹಿಡಿದೆ, ಬಿಡು ಎನ್ನಲಿಲ್ಲ. ಇಬ್ಬರೂ ಸೇರಿ ಒಗ್ಗರಣೆ ಸುರಿದೆವು.

ಅಮ್ಮ ಕಲಸಿದ ಮೊದಲ ತುತ್ತು ಬಾಯಿಗಿಟ್ಟಳು.

"ಉಪ್ಪು ಒಂದು ಚೂರು ಮುಂದು," ಎಂದಳು. ತಟ್ಟೆ ಮುಂದೆ ಸರಿಸಿ, "ಇನ್ನೊಂದು ಸೌಟು ಬಿಡು."

ಊಟ ಮುಗಿಯಿತು. ಪಾತ್ರೆಯಲ್ಲಿ ಸ್ವಲ್ಪ ಸಾರು ಉಳಿದಿತ್ತು. ಅತ್ತಿಗೆ ಎಂದಿನಂತೆ ಅದನ್ನು ಪಕ್ಕದ ಮನೆಗೆ ಕೊಡಲೆಂದು ಎತ್ತಿಕೊಂಡಳು. ಅಮ್ಮ ಕೈ ಅಡ್ಡ ಹಿಡಿದಳು.

"ಅದನ್ನ ಫ್ರಿಜ್ಜಲ್ಲಿಡಮ್ಮ. ನಾಳೆ ಇವಳು ಹೊರಟ್ಮೇಲೆ ನಂಗೆ ಊಟಕ್ಕೆ ಬೇಕು."

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಹಾಲು ಮೊಸರಿನ ಪಾತ್ರೆಗಳನ್ನು ಸರಿಸಿ ಜಾಗ ಮಾಡಿದೆ.