ಹನ್ನೆರಡು ಸೆಕೆಂಡಿನ ನಗು

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಚೆಕಿಂಗ್ ಅಕ್ಕ. ಹತ್ತೊಂಬತ್ತು ವರ್ಷ ಒಂದೇ ಮೇಜು, ಒಂದೇ ಟ್ಯೂಬ್‌ಲೈಟು. ಹೊಲಿದು ಬಂದ ಅಂಗಿಯನ್ನು ಬೆಳಕಿನಡಿ ಹರಡಿ, ಕಾಲರಿನಿಂದ ಕೆಳಗಿನ ಅಂಚಿನವರೆಗೆ ಬೆರಳಾಡಿಸಿ, ಹೊಲಿಗೆ ತಪ್ಪಿದಲ್ಲಿ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ಅವಳ ಕೆಲಸ. "ಅಕ್ಕನ ಕಣ್ಣಿಗೆ ಬಿದ್ರೆ ಮುಗೀತು" ಎಂದು ಹೊಲಿಯುವವರು ಗೊಣಗುತ್ತಿದ್ದರು. ಊಟದ ಹೊತ್ತಿಗೆ ಅವರೇ ಅವಳ ಪಕ್ಕದಲ್ಲಿ ಜಾಗ ಹಿಡಿಯುತ್ತಿದ್ದರು. ಸೂಪರ್‌ವೈಸರುಗಳ ನಡಿಗೆಯನ್ನೂ ಮಾತನ್ನೂ ಅವಳಂತೆ ಅಣಕಿಸಿ ತೋರಿಸುವವರು ಇಡೀ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ.

ಮನೆಯಲ್ಲಿ ಅಣಕಿಸಿ ತೋರಿಸುವುದಕ್ಕೆ ಯಾರೂ ಇರಲಿಲ್ಲ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡು ಹನ್ನೊಂದು ವರ್ಷ ಕಳೆದಿತ್ತು. ಒಬ್ಬಳೇ ಮಗಳು ಮದುವೆಯಾಗಿ, ರೈಲಿನಲ್ಲಿ ಪೂರ್ತಿ ಒಂದು ದಿನ ಕೂತರೆ ಸಿಗುವ ಊರಿಗೆ ಹೋಗಿದ್ದಳು. ಮೂರನೆಯ ಮಹಡಿಯ ಒಂಟಿ ಕೋಣೆಗೆ ಬಂದು ಚಪ್ಪಲಿ ಬಿಟ್ಟೊಡನೆ ಅಕ್ಕ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮೊಬೈಲಿನಲ್ಲಿ ಯಾವುದಾದರೂ ವಿಡಿಯೋ ಹಚ್ಚಿ ಒಲೆಯ ಪಕ್ಕ ಒರಗಿಸುವುದು. ಯಾರೋ ಮಾರ್ಕೆಟ್ಟಿನಲ್ಲಿ ತಿರುಗುತ್ತಿರಲಿ, ಯಾರೋ ನಲ್ಲಿ ರಿಪೇರಿ ಮಾಡುತ್ತಿರಲಿ, ಅವಳಿಗೆ ಬೇಕಾಗಿದ್ದದ್ದು ಮನುಷ್ಯರ ದನಿ.

ವರ್ಷದಿಂದೀಚೆಗೆ ಹೊರದೇಶದ ಅಂಗಡಿಗಳು ಬಟ್ಟೆ ತರಿಸುವುದನ್ನು ಕಡಿಮೆ ಮಾಡಿದ್ದವು. ಎಂಟು ಸಾಲು ಮಷೀನುಗಳಲ್ಲಿ ಮೊದಲು ಎರಡು ಸಾಲು ಮಲಗಿದವು, ಆಮೇಲೆ ಐದು. ಉಳಿದವರ ಮೊಬೈಲ್ ಗ್ರೂಪಿನಲ್ಲಿ ಮಾತ್ರ ಪುರುಸೊತ್ತೇ ಇರಲಿಲ್ಲ. ಗುಲಾಬಿ ಹೂವಿನ ಮೇಲೆ ಶುಭೋದಯ, ಅದರ ಕೆಳಗೆ ಕಾರ್ಖಾನೆ ಮುಚ್ಚುತ್ತಾರಂತೆ ಎಂಬ ಸುದ್ದಿ, ಅದರ ಕೆಳಗೆ ಹತ್ತೇ ದಿನದಲ್ಲಿ ಹೊಟ್ಟೆ ಕರಗಿಸುವ ಉಪಾಯ. ಮುಚ್ಚುತ್ತಾರೆ ಎಂಬುದು ಇಪ್ಪತ್ತು ಸಲ ಸುಳ್ಳಾಗಿ ಇಪ್ಪತ್ತೊಂದನೆಯ ಸಲ ನಿಜವಾಯಿತು. ಒಂದು ಸೋಮವಾರ ಬೆಳಿಗ್ಗೆ ಎಲ್ಲರೂ ಊಟದ ಡಬ್ಬಿ ಹಿಡಿದು ಬಂದರೆ ಗೇಟಿಗೆ ಬೀಗ, ಬೀಗದ ಪಕ್ಕ ಒಂದು ಹಾಳೆ.

ಕೆಲವರು ಹಾಳೆಯನ್ನು ಎರಡೆರಡು ಸಲ ಓದಿದರು. ಕೆಲವರು ಗೇಟು ಅಲ್ಲಾಡಿಸಿದರು. ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ, ಅವನೂ ಹೊರಗೇ ಉಳಿದವನು, ಮೊಬೈಲ್ ಎತ್ತಿ ಹಿಡಿದು ಎಲ್ಲವನ್ನೂ ಚಿತ್ರೀಕರಿಸುತ್ತಿದ್ದ. ಅಕ್ಕ ಹಾಳೆ ಓದಿ, ಏನೂ ತೋಚದೆ, ವಾಪಸ್ ತಿರುಗಿದಳು. ಗೇಟಿನ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ವಯಸ್ಸಾದ ಸೆಕ್ಯುರಿಟಿ, ದಿನಾ ಸಂಜೆಯ ರೂಢಿಯಂತೆ, ಕೈ ಚಾಚಿದ.

"ಅಕ್ಕ, ಬ್ಯಾಗ್ ತೋರ್ಸಿ."

ಅಕ್ಕ ಬ್ಯಾಗಿನ ಜಿಪ್ ಎಳೆದೇಬಿಟ್ಟಳು. ಅವನು ಬಗ್ಗಿ ನೋಡಿಯೂಬಿಟ್ಟ. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಒಳಗೇ ಹೋಗಿಲ್ಲ ಅಣ್ಣ, ಏನು ಕದ್ಕೊಂಡು ಬರ್ಲಿ? ಬೀಗಾನಾ?" ಎಂದವಳಿಗೆ ನಗು ಉಕ್ಕಿ ಬಂತು. ತಡೆಯೋಣವೆಂದರೆ ಆಗಲಿಲ್ಲ. ತಲೆ ಹಿಂದೆ ಚೆಲ್ಲಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಗುಮಾಸ್ತ ಆ ಸಂಜೆ ಗ್ರೂಪಿಗೆ, ಆಮೇಲೆ ತನ್ನ ಪೇಜಿಗೆ ಹಾಕಿದ್ದು ಆ ನಗುವನ್ನಷ್ಟೇ, ಹನ್ನೆರಡು ಸೆಕೆಂಡು. ಸೆಕ್ಯುರಿಟಿಯ ಮಾತು ಅದರಲ್ಲಿ ಇರಲಿಲ್ಲ. ಬೀಗ ಬಿದ್ದ ಗೇಟು, ಅದರ ಮುಂದೆ ನಗುತ್ತಿರುವ ಹೆಂಗಸು, ಮೇಲೆ ಅವನು ಬರೆದ ಸಾಲು: "ಕೆಲಸ ಹೋದರೂ ಅಕ್ಕನ ಖುಷಿ ನೋಡಿ."

ಮೂರು ದಿನದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಯಾರೋ ಅದಕ್ಕೆ ಹಾಡು ಸೇರಿಸಿದರು, ಯಾರೋ ಗೇಟನ್ನು ಅಳಿಸಿ ಅವಳ ಮುಖವನ್ನಷ್ಟೇ ಕತ್ತರಿಸಿ ಸ್ಟಿಕ್ಕರ್ ಮಾಡಿದರು. ರಜೆ ಸಿಕ್ಕಿದವರೂ ಪರೀಕ್ಷೆ ಮುಗಿಸಿದವರೂ ಬಾಸು ಕಾಲು ಮುರಿದುಕೊಂಡನೆಂದು ಹಿಗ್ಗಿದವರೂ ಅವಳ ನಗುವನ್ನು ಒಬ್ಬರಿಗೊಬ್ಬರು ಕಳಿಸಿಕೊಂಡರು. ಅಕ್ಕನಿಗೆ ಮೊದಮೊದಲು ಮೋಜೆನಿಸಿತು. "ಅಕ್ಕ, ನೀವು ಫೇಮಸ್ಸು!" ಎಂದು ಹಳೆಯ ಗೆಳತಿಯರು ಬರೆದರು. ಬರೆದರೇ ಹೊರತು ಒಬ್ಬರೂ ಫೋನ್ ಮಾಡಲಿಲ್ಲ. ಒಬ್ಬಳು ಅಣ್ಣನ ಮನೆಗೆ ಹೋಗಿದ್ದಳು, ಒಬ್ಬಳು ಮನೆಗೆಲಸಕ್ಕೆ ಸೇರಿದ್ದಳು. ಅವರವರ ಪಾಡು ಅವರಿಗೆ.

ಆಮೇಲೆ ಅವಳು ಕಾಮೆಂಟುಗಳನ್ನು ಓದತೊಡಗಿದಳು. ಅಂಗಿ ನೋಡಿದ ಹಾಗೇ ನೋಡಿದಳು, ಒಂದನ್ನೂ ಬಿಡದೆ. "ಗಂಡನ ಸಂಬಳ ಇರ್ಬೇಕು, ಅದಕ್ಕೇ ಈ ಕುಣಿತ." "ಇಂಥವರಿಂದಲೇ ಕಂಪನಿಗಳು ಮುಳುಗೋದು." ಅದಕ್ಕೆ ನಾನೂರು ಜನ ಹೆಬ್ಬೆಟ್ಟು ಒತ್ತಿದ್ದರು. "ನನಗೆ ಗಂಡ ಇಲ್ಲಪ್ಪ" ಎಂದು ಅಕ್ಕ ಒಂದೊಂದೇ ಅಕ್ಷರ ಹುಡುಕಿ ಬರೆದಳು. ಆ ಉತ್ತರವನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ. ಒಬ್ಬ ಮಾತ್ರ ಅದರ ಕೆಳಗೆ ಅವಳದೇ ಸ್ಟಿಕ್ಕರ್ ಅಂಟಿಸಿ ಹೋದ.

ಭಾನುವಾರ ಮಗಳ ಫೋನ್ ಬಂತು. ಎಂದಿನಂತೆ ಊಟವಾಯಿತೇ ಎಂದು ಕೇಳಲಿಲ್ಲ.

"ಅಮ್ಮ, ಅದನ್ನ ತೆಗೆಸು."

"ಯಾವುದನ್ನೇ?"

"ನಿಂಗೊತ್ತು ಯಾವುದು ಅಂತ. ನಮ್ಮ ಮನೆ ಗ್ರೂಪಲ್ಲಿ ಮೈದುನ ಹಾಕಿದ್ದ. ಎಲ್ಲರೂ ನಗ್ತಿದ್ರು, ನಾನೂ ನಗಬೇಕಾಯ್ತು. ಕೊನೆಗೆ ಅತ್ತೆ ಕನ್ನಡಕ ಹಾಕ್ಕೊಂಡು ನೋಡಿ, 'ಇದು ನಿಮ್ಮಮ್ಮ ಅಲ್ವೇನೇ' ಅಂದ್ರು." ಮಗಳು ದನಿ ತಗ್ಗಿಸಿದಳು. "ಇವರಿಗೆ ಸಂಬಳ ಅರ್ಧ ಮಾಡಿದ್ದಾರೆ, ಮನೇಲಿ ದಿನಾ ಅದೇ ಚಿಂತೆ. ನೀನು ನೋಡಿದ್ರೆ ಕೆಲಸ ಹೋಯ್ತು ಅಂತ ಬಾಯ್ತುಂಬ ನಗ್ತಿದ್ದೀಯ. ಅದು ಹೇಗಮ್ಮ ನಗು ಬಂತು ನಿಂಗೆ?"

ಸೆಕ್ಯುರಿಟಿ ಬ್ಯಾಗ್ ನೋಡಿದ್ದನ್ನು ಅಕ್ಕ ಹೇಳಲು ಹೊರಟಳು. ಆದರೆ ಹೇಳುತ್ತ ಹೇಳುತ್ತ ಅದರಲ್ಲಿ ನಗುವಂಥದ್ದು ಏನಿತ್ತೆಂದು ಅವಳಿಗೇ ತಿಳಿಯದಾಯಿತು. ಮಗಳು "ಸರಿ, ಇಡ್ತೀನಿ" ಎಂದಳು.

ಕೆಲಸ ಹುಡುಕಲು ಹೊರಟರೆ ಆ ನಗು ಅವಳಿಗಿಂತ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತಿರುತ್ತಿತ್ತು. ಶಾಲೆಯ ಸಮವಸ್ತ್ರ ಹೊಲಿಯುವ ಒಂದು ಸಣ್ಣ ಯೂನಿಟ್ಟಿನಲ್ಲಿ ಒಡತಿ ಅವಳ ಮುಖವನ್ನು ದಿಟ್ಟಿಸಿ, "ಅಯ್ಯೋ, ನೀವು ಆ ನಗೋ ಅಕ್ಕ ಅಲ್ವಾ!" ಎಂದು ಕೈತಟ್ಟಿ ಎಲ್ಲರನ್ನೂ ಕರೆದಳು. ಮಷೀನು ಬಿಟ್ಟು ಆರು ಜನ ಬಂದರು. "ಒಂದ್ಸಲ ಹಾಗೇ ನಗಿ ಅಕ್ಕ" ಎಂದು ಪಕ್ಕದಲ್ಲಿ ನಿಂತು ಫೋಟೋ ಹೊಡೆದುಕೊಂಡರು. ಅಕ್ಕ ನಕ್ಕಳು, ಕೆಲಸ ಬೇಕಿತ್ತಲ್ಲ.

"ಸದ್ಯಕ್ಕೆ ಇರೋರಿಗೇ ಕೆಲಸ ಇಲ್ಲ. ಇದ್ದಾಗ ಖಂಡಿತ ಫೋನ್ ಮಾಡ್ತೀವಿ" ಎಂದಳು ಒಡತಿ. ನಂಬರು ಬರೆದುಕೊಳ್ಳುವುದನ್ನು ಮರೆತಳು.

ಅವತ್ತು ಸಂಜೆ ಅಕ್ಕ ವಿಡಿಯೋ ಹಚ್ಚದೆ ಊಟಕ್ಕೆ ಕೂತಿದ್ದಳು. ಎರಡು ತುತ್ತು ಉಂಡಿರಬೇಕು, ಪಕ್ಕದ ಗೋಡೆಯಾಚೆಯಿಂದ ಅವಳದೇ ನಗು ಕೇಳಿಸಿತು. ನಿಂತಿತು, ಮತ್ತೆ ಶುರುವಾಯಿತು. ಅದರ ಜೊತೆಗೆ ಇನ್ನೊಂದು ನಗುವೂ ಇತ್ತು. ಆ ಕೋಣೆಯಲ್ಲಿ ನಾಲ್ಕು ತಿಂಗಳಿಂದ ಒಬ್ಬ ಯುವತಿ ಇದ್ದಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮನೆಯಿಂದಲೇ ಯಾವುದೋ ಕಂಪನಿಯ ಗ್ರಾಹಕರ ದೂರು ಕೇಳುವ ಕೆಲಸ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಪರಿಚಯವಿರಲಿಲ್ಲ.

ಅಕ್ಕನಿಗೆ ಏನನ್ನಿಸಿತೋ, ಕೈ ತೊಳೆದು ಎದ್ದು ಹೋಗಿ ಆ ಬಾಗಿಲು ತಟ್ಟಿದಳು. ಅದು ನಾನೇ ಕಣಮ್ಮ, ಒಬ್ಬಳೇ ಯಾಕೆ ನಗ್ತೀಯ, ಬಾ ಊಟ ಮಾಡೋಣ ಎನ್ನಬೇಕೆಂದು ಬಾಯಿಗೆ ಬಂದಿತ್ತು. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಯುವತಿಯ ಕೈಯಲ್ಲಿ ಮೊಬೈಲ್, ಪರದೆಯ ಮೇಲೆ ಅಕ್ಕನ ಮುಖ.

"ಏನಾಂಟಿ?"

ಅವಳು ಅಕ್ಕನನ್ನು ನೋಡಿದಳು. ಪರದೆಯನ್ನೊಮ್ಮೆ ನೋಡಿದಳು. ಮತ್ತೆ ಅಕ್ಕನನ್ನು ನೋಡಿದಳು. ಗುರುತು ಹತ್ತಲಿಲ್ಲ.

"ಒಂದ್ಚೂರು ಸಕ್ಕರೆ ಇದ್ಯೇನಮ್ಮ?" ಎಂದಳು ಅಕ್ಕ.

"ನಾನು ಸಕ್ಕರೆ ಬಿಟ್ಟಿದ್ದೀನಿ ಆಂಟಿ, ಸಾರಿ."

ಬಾಗಿಲು ಮುಚ್ಚಿತು. ಮೊಬೈಲಿನ ಸದ್ದು ತಗ್ಗಿತು. ವಾಪಸ್ ಬಂದ ಅಕ್ಕ ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿ ನೋಡಿಕೊಂಡಳು. ಅವಳಿಗೂ ಗುರುತು ಹತ್ತಲಿಲ್ಲ.

ಮರುದಿನ ಅವಳು ಎರಡು ಬಸ್ಸು ಬದಲಿಸಿ ಗುಮಾಸ್ತನ ಮನೆಗೆ ಹೋದಳು. ಅವನು ಬಾಗಿಲಲ್ಲೇ ತಲೆ ತಗ್ಗಿಸಿದ. ಒಳಗೆ ಅಡುಗೆಮನೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಅದರ ಮುಂದೆ ಬಳೆಯಾಕಾರದ ದೀಪ ನಿಲ್ಲಿಸಿದ್ದ. ಎಲ್ಲೆಲ್ಲಿ ಕೆಲಸ ಖಾಲಿ ಇದೆಯೆಂದು ದಿನವೂ ವಿಡಿಯೋ ಮಾಡಿ ಹಾಕುತ್ತಾನಂತೆ. ಅವನ ಹೆಂಡತಿ ನೀರು ತಂದಿಟ್ಟು, ಅಕ್ಕನ ಮುಖ ನೋಡದೆ ಒಳಗೆ ಹೋದಳು.

"ತೆಗೀತೀನಿ ಅಕ್ಕ, ಈಗ್ಲೇ ತೆಗೀತೀನಿ" ಎಂದ. ಬೆರಳು ಮಾತ್ರ ಪರದೆಯ ಮೇಲೆ ನಿಂತೇ ಇತ್ತು. "ಆದ್ರೆ ಬೇರೆಯವರು ಇಳಿಸ್ಕೊಂಡಿರೋದನ್ನ ನನ್ನ ಕೈಲಿ ಏನೂ ಮಾಡೋಕಾಗಲ್ಲ. ಇನ್ನೊಂದು ವಿಷಯ... ಜನ ಮುಗಿಬಿದ್ದು ನೋಡಿದ್ದು ಅದೊಂದನ್ನೇ ಅಕ್ಕ. ಅದನ್ನ ನೋಡೋಕೆ ಬಂದವರೇ ನನ್ನ ಬಾಕಿ ವಿಡಿಯೋನೂ ನೋಡ್ತಿರೋದು. ಅದು ಹೋದ್ರೆ ಈ ದೀಪಾನೂ ಆರಿಸಿ ಕೂರಬೇಕು."

ಅಕ್ಕ ನೀರು ಕುಡಿದು ಲೋಟ ಕೆಳಗಿಟ್ಟಳು. "ಹನ್ನೆರಡು ಸೆಕೆಂಡು ಹಾಕಿದ್ದೀಯಲ್ಲ, ಪೂರ್ತಿ ಎಷ್ಟಿತ್ತಪ್ಪ?"

ಅವನು ತೋರಿಸಿದ. ಬ್ಯಾಗು, ಸೆಕ್ಯುರಿಟಿ, ನಗು. ಹನ್ನೆರಡು ಸೆಕೆಂಡಾದ ಮೇಲೆ ನಗುತ್ತಿದ್ದ ಹೆಂಗಸು ಹಾಗೇ ಕುಸಿದು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಳು. ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು ಬಿಕ್ಕಿದಳು. ಸೆಕ್ಯುರಿಟಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ಸುಮ್ಮನೆ ನಿಂತ. ಚಿತ್ರ ಓರೆಯಾಗಿ ನೆಲ ಕಾಣಿಸಿತು. "ಏಳಿ ಅಕ್ಕ, ಏಳಿ" ಎನ್ನುತ್ತಿದ್ದ ಗುಮಾಸ್ತನ ದನಿಯೂ ಒಡೆದಿತ್ತು.

ಅಕ್ಕನಿಗೆ ಆ ಭಾಗ ನೆನಪೇ ಇರಲಿಲ್ಲ.

"ಇದನ್ನ ಪೂರ್ತಿ ಹಾಕ್ಲಾ ಅಕ್ಕ? ನಿಜ ಏನು ಅಂತ ಜನಕ್ಕೆ ಗೊತ್ತಾಗ್ಲಿ."

"ಬೇಡಪ್ಪ. ಹತ್ತೊಂಬತ್ತು ವರ್ಷ ಅಂಗಿಗಳಿಗೆ ಸ್ಟಿಕ್ಕರ್ ಅಂಟಿಸ್ದೆ, ಈಗ ನಾನೇ ಸ್ಟಿಕ್ಕರ್ ಆಗಿದ್ದೀನಿ. ಅಳೋದನ್ನೂ ಅದೇ ಮಾಡ್ತಾರೆ." ಅವಳು ಎದ್ದಳು. "ನಗೋದು ಹಾಗೇ ಇರ್ಲಿ, ನಿನ್ನ ದೀಪ ಉರೀಲಿ. ಇದನ್ನ ನನ್ನ ನಂಬರಿಗೆ ಕಳಿಸಿ, ನಿನ್ನ ಫೋನಿಂದ ಅಳಿಸಿಬಿಡು."

ಬಸ್ಸಿನಲ್ಲಿ ಕೂತು ಅವಳು ಆ ವಿಡಿಯೋವನ್ನು ಮಗಳಿಗೆ ಕಳಿಸಿದಳು. ಜೊತೆಗೆ ಒಂದಕ್ಷರವನ್ನೂ ಬರೆಯಲಿಲ್ಲ. ಮಗಳು ನೋಡಿದಳೆಂಬುದಕ್ಕೆ ಎರಡು ನೀಲಿ ಗುರುತು ಬಂದವು. ಆಮೇಲೆ ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ಫೋನ್ ಮಾಡಿದ ಮಗಳು ವಿಡಿಯೋದ ಸುದ್ದಿಯನ್ನೇ ಎತ್ತದೆ, "ಅವತ್ತು ಡಬ್ಬೀಲಿ ಇದ್ದಿದ್ದನ್ನ ಉಂಡ್ಯಾ ಅಮ್ಮ?" ಎಂದು ಕೇಳಿದಳು.

"ಸಂಜೆ ಉಂಡೆ. ಕೆಟ್ಟಿರಲಿಲ್ಲ."

ಕೆಲಸದ ಸುದ್ದಿ ತಂದವನು ಸೆಕ್ಯುರಿಟಿ. ಅವನಿಗೆ ಒಂದು ದೊಡ್ಡ ಆಸ್ಪತ್ರೆಯ ಗೇಟು ಸಿಕ್ಕಿತ್ತು. ಅಲ್ಲಿಯ ಲಾಂಡ್ರಿಯಲ್ಲಿ ಹರಿದ ಬಟ್ಟೆ ಬೇರ್ಪಡಿಸುವವರು ಬೇಕೆಂದು ಕೇಳಿ ಅಕ್ಕನ ವಿಷಯ ಹೇಳಿದ್ದ. ಕೆಲಸ ನೆಲಮಾಳಿಗೆಯಲ್ಲಿ. ಸಂಬಳ ಮೊದಲಿಗಿಂತ ಕಡಿಮೆ. ತೊಳೆದು ಒಣಗಿಸಿದ ಹಾಸುಬಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು, ಕಲೆ ಉಳಿದದ್ದು ಒಂದು ಕಡೆ, ತೂತು ಬಿದ್ದದ್ದು ಇನ್ನೊಂದು ಕಡೆ. ಗೋಡೆಯಾಚೆ ಒಗೆಯುವ ಮಷೀನುಗಳ ಮೊರೆತ, ಈಚೆ ಅವಳೊಬ್ಬಳೇ. ಮೊಬೈಲಿಗೆ ಅಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಊಟವನ್ನೂ ಅಲ್ಲೇ, ಮಡಿಸಿದ ಬಟ್ಟೆಗಳ ರಾಶಿಯ ಪಕ್ಕ ಮುಗಿಸುತ್ತಿದ್ದಳು. ಎರಡು ತಿಂಗಳಾಗುವಷ್ಟರಲ್ಲಿ ಜನ ಇನ್ನಾವುದೋ ಸ್ಟಿಕ್ಕರ್ ಹಿಡಿದುಕೊಂಡರು, ಸೀನುವ ಬೆಕ್ಕಿನದು. ಬಸ್ಸಿನಲ್ಲಿ ಅವಳತ್ತ ಕತ್ತು ಹೊರಳಿಸುವವರು ಇಲ್ಲವಾದರು. ಹಾಯೆನಿಸಬೇಕಿತ್ತು, ಎನಿಸಿತು ಕೂಡ. ಆದರೂ ಒಂದೆರಡು ದಿನ ಏನೋ ಕಳೆದುಕೊಂಡವಳ ಹಾಗೆ ಅತ್ತಿತ್ತ ನೋಡಿದಳು.

ಮಗಳು ಈಗ ಭಾನುವಾರದ ಫೋನನ್ನು ತಪ್ಪಿಸುವುದಿಲ್ಲ. ಇಬ್ಬರಿಗೂ ಹೇಳುವಂಥ ಸುದ್ದಿ ಹೆಚ್ಚಿಗೆ ಇರುವುದಿಲ್ಲ, ಹೀಗಾಗಿ ಸ್ಪೀಕರ್ ಹಚ್ಚಿ ಮೊಬೈಲನ್ನು ಪಕ್ಕಕ್ಕಿಟ್ಟು ತಮ್ಮ ತಮ್ಮ ಕೆಲಸ ಮಾಡುತ್ತಿರುತ್ತಾರೆ. ಅಲ್ಲಿ ಪಾತ್ರೆ ಸದ್ದಾದರೆ ಇಲ್ಲಿ ಅಕ್ಕ "ಏನು ಬಿತ್ತೇ?" ಎನ್ನುತ್ತಾಳೆ. ಮೊನ್ನೆ ಭಾನುವಾರ ಅವಳು ತರಕಾರಿ ಹೆಚ್ಚುತ್ತ, ಲಾಂಡ್ರಿಯ ಮೇಸ್ತ್ರಿ ಗಂಟಲು ಸರಿಪಡಿಸಿಕೊಂಡು ಬೈಯುವ ರೀತಿಯನ್ನು ದನಿ ಸಮೇತ ಅಣಕಿಸಿ ಹೇಳುತ್ತಿದ್ದಳು. ಬಹಳ ದಿನಗಳ ಮೇಲೆ ಅಣಕು ಚೆನ್ನಾಗಿ ಬಂದಿತ್ತು. ಮಗಳು ನಗುತ್ತಾಳೆಂದು ಕಾದಳು. ನಗು ಬಾರದಿದ್ದಾಗ ಕೈ ಒರೆಸಿಕೊಂಡು ನೋಡಿದರೆ ಕರೆ ಯಾವಾಗಲೋ ಕಡಿದುಹೋಗಿತ್ತು.

ಮೇಸ್ತ್ರಿಯ ಕೊನೆಯ ಬೈಗುಳವೊಂದು ಬಾಕಿ ಇತ್ತು. ಅಕ್ಕ ಅದನ್ನೂ ಅದೇ ದನಿಯಲ್ಲಿ ಹೇಳಿ ಮುಗಿಸಿ, ಹೆಚ್ಚಿದ ತರಕಾರಿಯನ್ನು ತೊಳೆಯಲು ಎದ್ದಳು.