ಗದ್ದದ ಮೇಲಿನ ಮೂರು ಚುಕ್ಕಿ

ನಮ್ಮ ಸ್ಟುಡಿಯೋ ಯಜಮಾನರ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಮೂವತ್ತು ವರ್ಷ ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ ಒತ್ತಿ ಹಾಗಾಗಿತ್ತು. ಕಾಫಿ ಕುಡಿಯುವಾಗಲೂ ಲೋಟವನ್ನು ಒಂದೇ ಕಣ್ಣಲ್ಲಿ ನೋಡುತ್ತಿದ್ದರು. ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಆ ಸ್ಟುಡಿಯೋದಲ್ಲಿ ಒಂಬತ್ತು ವರ್ಷ ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತು ಫೋಟೋ ಎಡಿಟಿಂಗ್ ಮಾಡಿದೆ.

ಅವರಿಗೆ ಎಲ್ಲದರ ಮೇಲೂ ಕುತೂಹಲ. ಹೊಸ ಸಾಫ್ಟ್‌ವೇರ್ ಬಂತೆಂದರೆ, "ಅದೇನ್ ಮಾಡ್ತದೆ, ಎಂಗ್ ಮಾಡ್ತದೆ, ತೋರ್ಸವ್ವ" ಎಂದು ಜೀವ ತಿನ್ನುತ್ತಿದ್ದರು. ನಮ್ಮದು ಹೆಚ್ಚಾಗಿ ಮದುವೆ ಕೆಲಸ. ಮುಂಜಾನೆಯ ಧಾರೆ, ಮಂಕು ದೀಪದ ಛತ್ರ. ಅಲ್ಲಿ ತೆಗೆದ ಫೋಟೋಗಳಲ್ಲಿ ಮುಖದ ತುಂಬ ಸಣ್ಣ ಕಾಳು. ಅದಕ್ಕೆ ನಾಯ್ಸ್ ಅನ್ನುತ್ತಾರೆ ಎಂದೆ. "ಫೋಟೋದೊಳಗೆ ಸದ್ದು ಎಲ್ಲಿಂದ ಬತ್ತದೆ? ರವೆ ಅನ್ನು, ಸಾಕು" ಎಂದರು. ಅವತ್ತಿನಿಂದ ನಮ್ಮಲ್ಲಿ ಅದು ರವೆಯೇ.

ರವೆ ತೆಗೆಯುವ ಮೂರು ಸಾಫ್ಟ್‌ವೇರ್‌ಗಳನ್ನು ಟ್ರಯಲ್‌ಗೆ ಹಾಕಿಕೊಂಡೆವು. ಬೆಟ್ಟದಪುರದ ಒಂದು ಮದುವೆಯ ಫೋಟೋವನ್ನು ಮೂರಕ್ಕೂ ಕೊಟ್ಟು ನೋಡಿದೆವು. ಮೊದಲನೆಯದು ಮದುಮಗಳ ಸೀರೆಯ ಜರಿಯನ್ನೇ ನುಂಗಿಹಾಕಿತು. ಎರಡನೆಯದು ಮಹಾ ನಿಧಾನ. ಒಂದು ಫೋಟೋ ಮುಗಿಯುವಷ್ಟರಲ್ಲಿ ಯಜಮಾನರು ಹೊರಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಮೂರನೆಯದು ಕ್ಷಣದಲ್ಲಿ ಮುಖವನ್ನು ತೊಳೆದಿಟ್ಟಂತೆ ಮಾಡಿಬಿಡುತ್ತಿತ್ತು. "ಸರ್, ಇದನ್ನೇ ತಗೊಳ್ಳೋಣ" ಎಂದು ದುಂಬಾಲು ಬಿದ್ದೆ. "ಇರವ್ವ, ಇನ್ನೂ ನಾಕು ಮುಖ ನೋಡವ" ಎಂದರು.

ಅದೇ ವಾರ ಕಟ್ಟೆಮಳಲವಾಡಿಯಿಂದ ಒಬ್ಬ ಹೆಂಗಸು ಬಂದರು. ಅವರ ತಾಯಿ ತೀರಿಕೊಂಡಿದ್ದರು, ನಾಳಿದ್ದು ತಿಥಿ. ಆ ಅಜ್ಜಿಯದೆಂದು ಇದ್ದ ಫೋಟೋ ಒಂದೇ. ಯಾರದೋ ಮದುವೆಯಲ್ಲಿ ಛತ್ರದ ಮೂಲೆಯಲ್ಲಿ ಕೂತಿದ್ದಾಗ ಮೊಬೈಲಿನಲ್ಲಿ ತೆಗೆದದ್ದು, ಬರೀ ರವೆ. ನಾನು ನನ್ನ ಮೆಚ್ಚಿನ ಮೂರನೆಯದರಲ್ಲಿ ಹಾಕಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಇಟ್ಟೆ.

ಮಾರನೆಯ ದಿನ ಬಂದ ಆಕೆ ಫೋಟೋ ನೋಡಿದರು. ಮತ್ತೆ ನೋಡಿದರು. "ಇದು ನಮ್ಮವ್ವ ಅಲ್ಲ ಕಣವ್ವ" ಎಂದರು.

ನನಗೆ ಸಿಟ್ಟು ಬಂತು. "ಎಷ್ಟು ಕ್ಲೀನಾಗಿ ಬಂದಿದೆ, ಸರಿಯಾಗಿ ನೋಡಮ್ಮಾ" ಎಂದೆ.

"ಗದ್ದದ ಮ್ಯಾಲೆ ಹಚ್ಚೆ ಇತ್ತು. ಮೂರು ಚುಕ್ಕಿ. ಚಿಕ್ಕೋಳಿದ್ದಾಗ ಅವ್ವ ಉಣ್ಣುಸ್ವಾಗ ನಾನು ಅದ್ನೇ ಮುಟ್ಟಿ ಮುಟ್ಟಿ ನೋಡ್ತಿದ್ದೆ. ಈಗ ಅದೂ ಇಲ್ವಲ್ಲ" ಎಂದು ಅಳತೊಡಗಿದರು. ಅಯ್ಯೋ! ಮಾಸಿದ ಹಚ್ಚೆಯನ್ನೂ ರವೆ ಎಂದುಕೊಂಡು ಸಾಫ್ಟ್‌ವೇರ್ ಗುಡಿಸಿಹಾಕಿತ್ತು. ನಾನೂ ರವೆ ಎಂದೇ ಅಂದುಕೊಂಡಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಯಜಮಾನರು ನನ್ನನ್ನು ಬೈಯಲಿಲ್ಲ. ಆಕೆಯನ್ನು ನನ್ನ ಕುರ್ಚಿಯಲ್ಲೇ ಕೂರಿಸಿ, ಮೂಲ ಫೋಟೋವನ್ನು ಆ ನಿಧಾನದ ಎರಡನೆಯದರಲ್ಲಿ ತೆರೆದರು. ಅದರಲ್ಲಿ ಉಳಿಸಬೇಕಾದ ಜಾಗವನ್ನು ಪರದೆಯ ಮೇಲಿನ ಬ್ರಷ್‌ನಿಂದ ಗುರುತಿಸಿ ಮುಟ್ಟದೆ ಬಿಡಬಹುದಿತ್ತು. "ಎಲ್ಲಿತ್ತು ತೋರ್ಸವ್ವ, ನಿಂಗೊಬ್ಳಿಗೇ ಗೊತ್ತಿರೋದು" ಎಂದರು. ನಮ್ಮ ಕಣ್ಣಿಗೆ ಬರೀ ಕಾಳು ಕಾಣುತ್ತಿದ್ದ ಕಡೆ ಆಕೆ ಬೆರಳಿಟ್ಟು ಮೂರು ಚುಕ್ಕಿಯನ್ನೂ ಒಂದೊಂದಾಗಿ ತೋರಿಸಿದರು. ಅಷ್ಟನ್ನು ಬಿಟ್ಟು, ಮಿಕ್ಕಿದ್ದನ್ನು ಹಗುರಾಗಿ ತಿದ್ದಿ ಮತ್ತೆ ಪ್ರಿಂಟ್ ತೆಗೆದೆವು. ಗದ್ದದ ಹತ್ತಿರ ರವೆ ಹಾಗೇ ಉಳಿಯಿತು. ಆಕೆ ಫೋಟೋವನ್ನು ಎದೆಗೆ ಅವಚಿಕೊಂಡು, "ಊಂ, ಬಂದ್ಲು ಕಣಣ್ಣ ನಮ್ಮವ್ವ" ಎಂದರು.

ಯಜಮಾನರು ಎರಡನೆಯದನ್ನೇ ಕೊಂಡರು. "ಇದು ನಿಧಾನ, ಆದ್ರೆ ನಿಲ್ಲು ಅಂದ್ರೆ ನಿಲ್ತದೆ. ನಿಂದು ಓಡೋಯ್ತದೆ, ಬುಡು" ಎಂದು ನನ್ನನ್ನು ತಿಂಗಳುಗಟ್ಟಲೆ ರೇಗಿಸಿದರು. ಅಂದಿನಿಂದ ಯಾರ ಫೋಟೋ ಬಂದರೂ, ಮುಖದಲ್ಲಿ ಮಚ್ಚೆ, ಹಚ್ಚೆ, ಗಾಯ ಏನಿದೆ ಎಂದು ಮನೆಯವರನ್ನು ಕೇಳಿ ಬರೆದುಕೊಂಡೇ ಕೆಲಸಕ್ಕೆ ಕೈಹಾಕಬೇಕಿತ್ತು.

ಕಳೆದ ವರ್ಷ ಯಜಮಾನರು ಹೃದಯಾಘಾತದಿಂದ ಹೋಗಿಬಿಟ್ಟರು. ಅವರ ತಿಥಿಯ ಫೋಟೋ ನಾನೇ ಮಾಡಬೇಕಾಯಿತು. ಕತ್ತಿನ ಪಕ್ಕ ಒಂದು ಕಪ್ಪು ಗೆರೆ ಕಂಡಿತು. ನೆರಳೋ, ರವೆಯೋ, ಚರ್ಮವೋ ತಿಳಿಯಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ, ಆ ಕತ್ತನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅವರ ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ.

"ಕ್ಯಾಮೆರಾ ಬೆಲ್ಟು ಉಜ್ಜಿ ಉಜ್ಜಿ ಆಗಿದ್ದು ಕಣವ್ವ" ಎಂದರು. "ದಿನಾ ಮನಿಕ್ಕೊಳೋ ಮುಂಚೆ ನಾನು ಎಣ್ಣೆ ಅಚ್ತಿದ್ದೆ."

ಆ ಗೆರೆಯನ್ನು ಮುಟ್ಟದೆ ಬಿಟ್ಟು ಉಳಿದದ್ದನ್ನು ತಿದ್ದಿದೆ. ಅಳು ತಡೆಯಲಾಗಲಿಲ್ಲ.