ಕಂಬಿ ಮಾರಮ್ಮ

ಹೊಸಕೆರೆಹಳ್ಳಿಗೆ ಬಂದು ಬರೀ ಮಾರಮ್ಮ ಎಂದು ಕೇಳಿದರೆ ನಮ್ಮತ್ತೆಯ ವಿಳಾಸ ಸಿಗುವುದಿಲ್ಲ. ಕಂಬಿ ಮಾರಮ್ಮ ಎನ್ನಬೇಕು. ಆಡಿಕೊಳ್ಳಲೆಂದೇ ಜನ ಇಟ್ಟ ಹೆಸರು ಅದು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು.

ಮಾವ ಯಲ್ಲಯ್ಯ ತೀರಿಕೊಂಡಾಗ ಉಳಿದದ್ದು ರಸ್ತೆ ಬದಿಯ ದನದ ಕೊಟ್ಟಿಗೆಯ ಜಾಗವೊಂದೇ. ಅತ್ತೆ ಅಲ್ಲಿ ಟಾರ್ಪಾಲು ಕಟ್ಟಿ ಸೊಪ್ಪು ಮಾರಿದರು, ಆಮೇಲೆ ಶೀಟು ಹೊದಿಸಿದರು. ಕಡೆಗೆ ಎರಡು ಗಟ್ಟಿ ಮಳಿಗೆ ಕಟ್ಟಲು ಹೊರಟವರು ಪಾಯವನ್ನು ಮಾತ್ರ ಮೂರು ಮಹಡಿ ಹೊರುವಂತೆ ಹಾಕಿಸಿದರು! ಕೈಯಲ್ಲಿದ್ದ ದುಡ್ಡೆಲ್ಲ ಮಣ್ಣೊಳಗೇ ಹೋಯಿತು. ಹೇಗೋ ಎದ್ದ ಆ ಎರಡು ಮಳಿಗೆಗಳ ತಾರಸಿಯ ಮೇಲೆ, ಮುಂದಿನ ಮಹಡಿಗೆಂದು ಬಿಟ್ಟ ಪಿಲ್ಲರ್ ಕಂಬಿಗಳು ಆಕಾಶ ನೋಡುತ್ತ ನಿಂತವು.

ಪಕ್ಕದ ಅಂಗಡಿಯ ಉಗ್ರಪ್ಪ ನಕ್ಕರು. “ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಮಾರಮ್ಮಕ್ಕ.”

“ಕಾಲು ಚಾಚ್ತಿಲ್ಲ ಕಣಪ್ಪ, ಹಾಸಿಗೆ ಉದ್ದ ಮಾಡ್ತಿದೀನಿ.”

ಹಾಸಿಗೆ ಉದ್ದವಾಗಲು ಎಷ್ಟೋ ವರ್ಷ ಹಿಡಿಯಿತು. ಅಷ್ಟು ದಿನ ಆ ಕಂಬಿಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದೆವು. ಪ್ರತಿ ಸಲ ಮಳೆಗಾಲಕ್ಕೆ ಮುಂಚೆ ಅತ್ತೆ ಬಕೆಟ್ ಹಿಡಿದು ಮೇಲೆ ಹತ್ತಿ, ತುಕ್ಕು ಹಿಡಿಯದ ಹಾಗೆ ಒಂದೊಂದು ಕಂಬಿಗೂ ಸಿಮೆಂಟ್ ನೀರು ಬಳಿಯುತ್ತಿದ್ದರು. ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವುದು ಮರೆತಿದ್ದುಂಟು, ಇದು ಮರೆತಿದ್ದಿಲ್ಲ.

ಅಷ್ಟರಲ್ಲಿ ರಸ್ತೆಗೆ ಬೆಲೆ ಬಂತು. ಅದರ ಹಿಂದೆಯೇ ಒಬ್ಬ ಬಿಲ್ಡರ್ ಬಂದ. ಇದನ್ನು ಕೆಡವಿ ತಾನೇ ಕಟ್ಟುತ್ತಾನಂತೆ, ಅರ್ಧ ನಮಗಂತೆ, ಅರ್ಧ ಅವನಿಗಂತೆ. “ಆ ಕಂಬಿಯೆಲ್ಲ ತುಕ್ಕು ತಿಂದಿರುತ್ತೆ, ಹೆಂಗಿದ್ರೂ ಕೆಡವಲೇಬೇಕು ಆಂಟಿ,” ಎಂದ. ನನ್ನ ಗಂಡ ವೇಣು ಅವನ ಮಾತಿಗೆ ಬಿದ್ದರು.

“ನೀನು ಕಷ್ಟಪಟ್ಟಿದ್ದು ಸಾಕಮ್ಮ, ಒಪ್ಕೊಂಬಿಡೋಣ.”

“ಅರ್ಧ ಇನ್ನೊಬ್ಬಂದಾದ್ರೆ ಅದು ನಮ್ ಬಿಲ್ಡಿಂಗೇನೋ?” ಎಂದರು ಅತ್ತೆ.

ರಕ್ತ ಪರೀಕ್ಷೆಯ ಲ್ಯಾಬಿನವರೊಬ್ಬರು ಮೇಲಿನ ಮಹಡಿಗಳನ್ನು ಬಾಡಿಗೆಗೆ ಹಿಡಿದು, ಕಟ್ಟುವ ಖರ್ಚಿಗೆ ಮೊದಲೇ ಅಡ್ವಾನ್ಸ್ ಕೊಡಲು ಸಿದ್ಧರಿದ್ದರು. ಆದರೆ ಕಂಬಿ ಕೆಟ್ಟಿದ್ದರೆ ಎಲ್ಲ ಮುಗಿದಂತೆ, ಬಿಲ್ಡರನೇ ಗತಿ. ನೋಡಲು ಇಂಜಿನಿಯರ್ ಸೌಮ್ಯ ಬಂದಳು. ಒಣಗಿದ ಸಿಮೆಂಟನ್ನು ಸುತ್ತಿಗೆಯಿಂದ ಬಿಡಿಸುತ್ತ ಒಂದೊಂದು ಪಿಲ್ಲರನ್ನೂ ನೋಡಿದಳು. ಅತ್ತೆ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದರು.

“ಆಂಟಿ, ಕಂಬಿ ಸಖತ್ತಾಗಿದೆ. ಪಾಯಾನೂ ಗಟ್ಟಿ. ಧೈರ್ಯವಾಗಿ ಕಟ್ಸಿ.”

ಅತ್ತೆ ಅಲ್ಲೇ ತಾರಸಿಯ ಮೇಲೆ ಕೂತು ಅತ್ತುಬಿಟ್ಟರು. ನನಗೂ ಅಳು ಬಂತು. ವೇಣು ಬಟ್ಟೆ ಒಣಗಿಸುವ ಹಗ್ಗ ಬಿಚ್ಚತೊಡಗಿದರು.

ಮೂರೂ ಮಹಡಿ ಎದ್ದವು, ಒಂದಿಂಚೂ ಪರರ ಪಾಲಾಗದೆ. ಹೆಸರಿಡುವ ಹೊತ್ತಿಗೆ ಜಗಳ. ವೇಣು ಏನೋ ಆರ್ಕೇಡ್ ಎಂದರು, ನಾನು ಸುಗತ ಪ್ಲಾಜಾ ಎಂದೆ. ಅತ್ತೆ ಇಬ್ಬರನ್ನೂ ಕೇಳದೆ ಬೋರ್ಡ್ ಬರೆಸಿ ತಂದರು: ಕಂಬಿ ಮಾರಮ್ಮ ಕಾಂಪ್ಲೆಕ್ಸ್.

“ಅಯ್ಯೋ, ಆ ಹೆಸರಾ ಅತ್ತೆ?”

“ಆಡ್ಕೊಂಡೋರೆಲ್ಲ ಓದ್ಕೊಂಡ್ ಹೋಗ್ಲಿ, ಬಿಡು.”

ಮೊನ್ನೆ ಕತ್ರಿಗುಪ್ಪೆಯಲ್ಲಿ ಆಟೋ ಹತ್ತಿ, “ಕಂಬಿ ಮಾರಮ್ಮ ಕಾಂಪ್ಲೆಕ್ಸ್,” ಎಂದೆ. ಡ್ರೈವರ್ ದಾರಿ ಕೇಳಲಿಲ್ಲ. ಅವನು ಏನೂ ಕೇಳದಿದ್ದರೂ ನಾನೇ ಹೇಳಿದೆ: “ಅಣ್ಣ, ನಾನು ಅವ್ರ ಸೊಸೆ.”